ಲಿಫ್ಟ್ ರಿಪೇರಿಯವರು ಗೋಧಿ ಬೆಳೆಯುವುದಿಲ್ಲ

ಬೆಳಗಿನ ಆರೂಕಾಲು. ಮೂರನೇ ಮಹಡಿಯ ಆಫೀಸಿಗೆ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಎಲ್ಲರ ಬಾಯಲ್ಲಿ 'ಕೋಡಕ್ಕ' ಆಗಿರುವ ಈಕೆ ಮಾತ್ರ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕಂಪ್ಯೂಟರಿಗೆ ಬೈಯುತ್ತಿದ್ದಾರೆ. "ಹಲ್ಲು ಕೀಳೋ ಡಾಕ್ಟ್ರು ಗೋಧಿ ಬೆಳೀತಾರಂತೆ! ಕ್ಷೌರದಂಗಡಿಯವ್ನೂ ಗೋಧಿ! ಊರೆಲ್ಲಾ ಗೋಧಿ, ಹಿಟ್ಟು ಮಾತ್ರ ಎಲ್ಲೂ ಇಲ್ಲ."

ಕಂಪನಿಗಳ ಹಾಜರಿ, ಸಂಬಳ, ವಿಮೆ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರುವ ಸಂಸ್ಥೆ ಇದು. ಯಾವ ಗಿರಾಕಿಯದು ಯಾವ ಉದ್ಯಮ ಎಂದು ತಿಳಿಸುವ ಐದಂಕಿಯ ಕೋಡ್ ಸರಿಯಾಗಿ ಕೂರಿಸುವುದು ಕೋಡಕ್ಕನ ಕೆಲಸ. ಮಾರಾಟದವರಿಗೆ ಸದಾ ಅವಸರ. ಪಟ್ಟಿಯ ಮೊದಲ ಸಾಲನ್ನೇ ಒತ್ತಿ ಕೈತೊಳೆದುಕೊಳ್ಳುತ್ತಾರೆ. ಆ ಮೊದಲ ಸಾಲೇ ಗೋಧಿ ಬೇಸಾಯ.

ದಿನಕ್ಕೆ ನೂರಿಪ್ಪತ್ತು ಕಂಪನಿ ತಿದ್ದಬೇಕು, ನಲವತ್ತಕ್ಕಾದರೂ ಫೋನ್ ಮಾಡಿ ಕೇಳಬೇಕು. ಹದಿನೇಳು ವರ್ಷದ ಹಿಂದೆ ಟೈಪಿಸ್ಟ್ ಆಗಿ ಸೇರಿದವರು. ದಪ್ಪನೆಯ ಕೋಡ್ ಪುಸ್ತಕವನ್ನು ಯಾರೂ ಮುಟ್ಟದ್ದರಿಂದ ಅದು ಇವರ ಕೊರಳಿಗೆ ಬಿತ್ತು. ಕತ್ತುನೋವೂ ಜೊತೆಗೇ ಬಂತು. "ಗುಂಡಿ ಒತ್ತೋದಕ್ಕೆ ಇಷ್ಟು ಸುಸ್ತೇನೇ ಅಂತಾರೆ ನಮ್ಮತ್ತೆ. ಒಂದಿನ ಬಂದು ಒತ್ತಲಿ!"

ಇವತ್ತು ಹನ್ನೆರಡಕ್ಕೆ ಪಟ್ಟಿ ವಿಮೆಯವರಿಗೆ ಹೋಗುತ್ತದೆ. ಆಮೇಲೆ ಒಂದು ವರ್ಷ ತಿದ್ದುವಂತಿಲ್ಲ. ಹನ್ನೊಂದೂಮುಕ್ಕಾಲಾದರೂ ಒಂದು ಕಂಪನಿ ಬಾಕಿ: ಲಿಫ್ಟ್ ರಿಪೇರಿಯವರು, ಹನ್ನೊಂದು ಜನ ಕೆಲಸಗಾರರು. ಗೋಧಿ ಅಂತಲೇ ಹೋದರೆ, ನಾಳೆ ಯಾರಾದರೂ ಜಾರಿ ಬಿದ್ದಾಗ ವಿಮೆಯವರು ಕೈಯೆತ್ತಿಬಿಡುತ್ತಾರೆ. ಮಾಲೀಕ ಒಪ್ಪದೆ ಕೋಡ್ ಬದಲಿಸುವಂತಿಲ್ಲ, ಆತನೋ ಫೋನೇ ಎತ್ತುತ್ತಿಲ್ಲ. ಆರನೇ ಸಲಕ್ಕೆ ಎತ್ತುತ್ತಾನೆ.

"ಏನೋ ಒಂದು ಹಾಕ್ಬಿಡಿ ತಾಯಿ, ತಲೆ ತಿನ್ಬೇಡಿ."

"ಏನೋ ಒಂದು ಹಾಕಿದ್ದಕ್ಕೇ ಅಣ್ಣ, ನೀವೀಗ ರೈತರಾಗಿರೋದು! ನಿಮ್ಮವರು ಹಗ್ಗ ಕಟ್ಕೊಂಡು ನೇತಾಡ್ತಾರೋ, ಕಳೆ ಕೀಳ್ತಾರೋ?"

"ನೇತಾಡ್ತಾರೆ."

"ಹಾಗಾದ್ರೆ ನಾನು ಕಳಿಸಿರೋ ಮೆಸೇಜಿಗೆ ಒಪ್ಪಿಗೆ ಒತ್ತಿ. ಫೋನ್ ಇಡ್ಬೇಡಿ, ಒತ್ತೋ ತನಕ ಕಾಯ್ತೀನಿ."

ಹನ್ನೊಂದು ಐವತ್ತಮೂರಕ್ಕೆ ಗೋಧಿ ಹೋಗಿ ಲಿಫ್ಟ್ ರಿಪೇರಿ ಬರುತ್ತದೆ. ಆತ ಥ್ಯಾಂಕ್ಸ್ ಕೂಡ ಅನ್ನದೆ ಫೋನ್ ಇಡುತ್ತಾನೆ. ಕೋಡಕ್ಕ ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ.

ನೀವು ಮಾಡಿದ್ದು ಆ ಹನ್ನೊಂದು ಜನಕ್ಕೆ ತಿಳಿಯುವುದೇ ಇಲ್ಲವಲ್ಲ ಎಂದು ಕೇಳಿದರೆ ರೇಗುತ್ತಾರೆ.

"ತಿಳೀಬೇಕು ಅಂದ್ರೆ ಅವ್ರಲ್ಲಿ ಒಬ್ಬ ಬೀಳ್ಬೇಕಲ್ರೀ. ತಿಳೀದೇ ಇರ್ಲಿ ಬಿಡಿ."