ಅವಸರಣ್ಣನೂ ಅಣ್ಣನ ಟ್ರೇಲರೂ

ಗಾಡಿ ಓಡಿಸುವವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಅವಸರಣ್ಣ ಎಂದು. ಹೆತ್ತವರು ಇಟ್ಟ ಹೆಸರು ಅಂಗಡಿಯ ಬೋರ್ಡಿನ ಮೇಲಿತ್ತು, ಆದರೆ ಅದನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಗಾಡಿಗಳ ಎಲೆಕ್ಟ್ರಿಕ್ ಕೆಲಸ ಅವನದು. ಗಿರಾಕಿ "ಹಾರ್ನ್" ಎನ್ನುವಷ್ಟರಲ್ಲಿ ಬಾನೆಟ್ ಎತ್ತಿಬಿಡುತ್ತಿದ್ದ. ಆ ಬಡಪಾಯಿ "ಹಾರ್ನ್ ಚೆನ್ನಾಗಿದೆ, ವೈಪರ್ ನೋಡಿ" ಎಂದು ಮಾತು ಮುಗಿಸುವ ಹೊತ್ತಿಗೆ ಹಾರ್ನ್ ಬಿಚ್ಚಿಕೊಂಡು ಬೆಂಚಿನ ಮೇಲೆ ಕೂತಿರುತ್ತಿತ್ತು. ಊಟಕ್ಕೆ ಕೂತರೂ ಒಂದು ಮಂಡಿ ಮೇಲೆಯೇ ಇರುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ, "ಇವರು ನಿದ್ದೆಯಲ್ಲೂ ಒಂದು ಕಾಲು ಚಪ್ಪಲಿಯಲ್ಲಿ ಇಟ್ಟುಕೊಂಡೇ ಮಲಗ್ತಾರೆ" ಎಂದು ಗಿರಾಕಿಗಳಿಗೆ ಹೇಳಿ ನಗುತ್ತಿದ್ದಳು.

ಅವನ ಅಣ್ಣ ಇದಕ್ಕೆ ತದ್ವಿರುದ್ಧ. ಪಿಕಪ್ ಗಾಡಿಯ ಹಿಂದೆ ಟ್ರೇಲರ್ ಕಟ್ಟಿಕೊಂಡು ಬಡಗಿಗಳ ಶೆಡ್ಡಿನಿಂದ ಮಂಚ, ಕಪಾಟು, ಮೇಜು ಸಾಗಿಸುವುದು ಅವನ ಕಸುಬು. ಗಾಡಿಯೂ ನಿಧಾನ, ಮಾತೂ ನಿಧಾನ. ಒಂದು ಮಾತು ಹೊರಡಬೇಕಾದರೆ ಮೊದಲು ಗಂಟಲು ಸರಿಯಾಗಬೇಕು, ಆಮೇಲೆ ಕತ್ತಿನ ಹಿಂಭಾಗ ಕೆರೆಯಬೇಕು, ಆಮೇಲೆ ಅರ್ಧ ವಾಕ್ಯ ಬರಬೇಕು. ಉಳಿದರ್ಧಕ್ಕೆ ತಮ್ಮ ಕಾಯುತ್ತಲೇ ಇರಲಿಲ್ಲ. ಚಿಕ್ಕಂದಿನಿಂದ ಇದೇ ಕಥೆ. ಶಾಲೆಯಲ್ಲಿ ಮೇಷ್ಟ್ರು ಅಣ್ಣನನ್ನು ಲೆಕ್ಕ ಕೇಳಿದರೆ ಕೆಳಗಿನ ತರಗತಿಯ ಈ ಮಹಾಶಯ ಕಿಟಕಿಯಲ್ಲಿ ತಲೆ ತೂರಿಸಿ ಉತ್ತರ ಹೇಳುತ್ತಿದ್ದ, ಅದೂ ತಪ್ಪು ಉತ್ತರ. ದೊಡ್ಡವನ ಮಾತನ್ನೂ ಚಿಕ್ಕವನೇ ಆಡಿಬಿಡುತ್ತಾನೆ ಎಂದು ಅವರಮ್ಮ ನಗುತ್ತಿದ್ದಳು. ಅಣ್ಣನೂ ನಗುತ್ತಿದ್ದ. ಅವನಿಗೆ ಅದು ಅಭ್ಯಾಸವಾಗಿಹೋಗಿತ್ತು.

ಆ ಟ್ರೇಲರಿನ ಹಿಂದಿನ ದೀಪಗಳು ತಕರಾರು ಶುರು ಮಾಡಿದ್ದವು. ಒಮ್ಮೊಮ್ಮೆ ಉರಿಯುತ್ತವೆ, ಒಮ್ಮೊಮ್ಮೆ ಇಲ್ಲ. ಅಣ್ಣ ಬಂದ, ಅವಸರಣ್ಣ ಬಲ್ಬ್ ಬದಲಿಸಿದ. ಮತ್ತೆ ಬಂದ, ಪ್ಲಗ್ ಬದಲಿಸಿದ. ಮತ್ತೂ ಬಂದ, ಪಿಕಪ್ಪಿನ ಸಾಕೆಟ್ಟನ್ನೇ ಕಿತ್ತು ಹೊಸದು ಹಾಕಿದ. ಕೆಲಸ ಮುಗಿದ ಮೇಲೂ ಅಣ್ಣ ಹೊರಡದೆ ಅಲ್ಲೇ ನಿಂತಿರುತ್ತಿದ್ದ. "ಆಯ್ತಲ್ಲಾ, ಹೊರಡು ಹೊರಡು" ಎಂದು ತಮ್ಮನೇ ಅವನನ್ನು ಹತ್ತಿಸಿ, ಗಾಡಿಯ ಬಾಗಿಲು ಹಾಕಿ ಕಳಿಸುತ್ತಿದ್ದ.

ಈ ಸಲ ಅಣ್ಣ ತಂದ ಸುದ್ದಿ ಬೇರೆ. ಹಿಂದಿನ ಸಂಜೆ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿದ್ದ ಬಸ್ಸಿಗೆ ದೀಪ ಕಾಣಿಸಲಿಲ್ಲ. ಬಸ್ಸು ಕಿರ್ರೆಂದು ಬಂದು ಟ್ರೇಲರಿಗೆ ಮೂತಿ ತಾಗಿಸಿ ನಿಂತಿತ್ತು. ಬಸ್ಸಿನವನು ಇಳಿದು ಬಂದು ವಾಚಾಮಗೋಚರ ಬೈದಿದ್ದ. ಕೇಳುತ್ತಿದ್ದಂತೆ ಅವಸರಣ್ಣ ಟ್ರೇಲರಿನ ಹಿಂದಕ್ಕೆ ಓಡಿದ. ತಾನು ನೋಡಿ ಸರಿಯಿದೆ ಎಂದು ಕಳಿಸಿದ ಗಾಡಿ! ಇವತ್ತು ಟ್ರೇಲರ್ ತುಂಬ ಹೊಸ ಶಾಲೆಯೊಂದರ ಬೆಂಚುಗಳು. ನಾಳೆ ಬೆಳಗ್ಗೆ ಮಕ್ಕಳು ಅವುಗಳ ಮೇಲೆ ಕೂರಬೇಕು. ಈಗ ಹೊರಟರೂ ಅರ್ಧ ದಾರಿಯಲ್ಲಿ ಕತ್ತಲಾಗುತ್ತದೆ.

"ನೀನೊಂದು ಸಲ ನೋಡ್ಬಿಡು. ನೀನು ನೋಡಿದ್ರೆ... ನನಗೆ ಧೈರ್ಯ," ಎಂದ ಅಣ್ಣ.

ಈ ನಂಬಿಕೆಯೇ ಅವಸರಣ್ಣನಿಗೆ ಮುಳ್ಳಾಗಿ ಚುಚ್ಚಿತು. ಅಣ್ಣನನ್ನು ಸೀಟಿನಲ್ಲಿ ಕೂರಿಸಿದ. ಹೆಂಡತಿಯನ್ನು ಮಿಷನ್ನಿನಿಂದ ಎಬ್ಬಿಸಿ ಟ್ರೇಲರಿನ ಹಿಂದೆ ನಿಲ್ಲಿಸಿದ. ಅಳತೆಯ ಟೇಪು ಅವಳ ಕುತ್ತಿಗೆಯಲ್ಲಿ ಹಾಗೇ ನೇತಾಡುತ್ತಿತ್ತು.

"ಬ್ರೇಕ್!"

"ಉರೀತು."

"ಬಿಡು! ಎಡ ಇಂಡಿಕೇಟರ್!"

"ಉರೀ..."

"ಬಿಡು! ಬಲ!"

ಎಲ್ಲವೂ ಉರಿದವು. ವೈರಿನಲ್ಲಿ ಕರೆಂಟು ಇದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಪಿಕಪ್ಪಿನ ಬಾಡಿಗೆ ಕಚ್ಚಿಸಿ, ಅದರ ಮೊನೆಯನ್ನು ಟ್ರೇಲರಿನ ಒಂದೊಂದೇ ವೈರಿಗೆ ಚುಚ್ಚಿದ. ಎಲ್ಲೆಡೆಯೂ ಲ್ಯಾಂಪು ಫಳಫಳ ಉರಿಯಿತು. ತಪ್ಪು ಎಲ್ಲೂ ಇಲ್ಲ. ತಪ್ಪು ಸಿಕ್ಕಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು. ಬಾಲ ಸುಟ್ಟ ಬೆಕ್ಕಿನ ಹಾಗೆ ಗಾಡಿಯ ಸುತ್ತ ಸುತ್ತಿದ, ವೈರುಗಳ ಮೇಲೆ ಸರಿಯಿದ್ದ ಟೇಪು ಬಿಚ್ಚಿ ಮತ್ತೆ ಸುತ್ತಿದ, ಆಕಾಶ ನೋಡಿದ. ಬಿಸಿಲು ಗೋಡೆಯ ಮೇಲಕ್ಕೆ ಏರುತ್ತಿತ್ತು. ಕಳಿಸಲೂ ಮನಸ್ಸಿಲ್ಲ, ನಿಲ್ಲಿಸಲು ಕಾರಣವಿಲ್ಲ.

ಅಣ್ಣ ಕಿಟಕಿಯಿಂದ ತಲೆ ಹೊರಹಾಕಿದ. "ಅದು... ಲೈಟ್ ಹಾಕ್ಕೊಂಡಿರುವಾಗ..."

"ಗೊತ್ತಾಯ್ತು ಬಿಡು, ಸಂಜೆ ಹೊತ್ತು!" ಎಂದು ಅವಸರಣ್ಣ ಆಗಲೇ ಕಟಿಂಗ್ ಪ್ಲೇಯರ್ ಹಿಡಿದು ಟ್ರೇಲರಿನಡಿ ನುಗ್ಗುತ್ತಿದ್ದ.

"ರೀ, ಬಾವ ಇನ್ನೂ ಮಾತು ಮುಗಿಸಿಲ್ಲ," ಎಂದಳು ಹೆಂಡತಿ.

"ಮುಗಿಸೋದೇನಿದೆ, ನನಗೆ..."

"ನಿಮಗೆ ಗೊತ್ತಿದ್ದಿದ್ರೆ ನಾನು ಯಾಕೆ ಇಲ್ಲಿ ನಿಂತಿರ್ತಿದ್ದೆ? ಅಲ್ಲಿ ಗಿರಾಕಿಯ ಬ್ಲೌಸು ಒಂದು ತೋಳಲ್ಲೇ ಇದೆ. ಬಾಯಿ ಮುಚ್ಕೊಂಡು ಕೇಳಿ."

ಅವನು ಎದ್ದು ನಿಂತ. ಬಾಯಿ ತಡೆಯುವುದು ಕಷ್ಟವೆನಿಸಿ ಕೈಯಲ್ಲಿದ್ದ ಇನ್ಸುಲೇಷನ್ ಟೇಪಿನ ಸುರುಳಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಹೆಂಡತಿ ನಗು ತಡೆಯಲು ಆಚೆ ತಿರುಗಿದಳು. ಅಣ್ಣ ಗಾಬರಿಯಾದ, ಇಷ್ಟು ಜಾಗ ಬಿಟ್ಟುಕೊಟ್ಟರೆ ಮಾತನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

"ಲೈಟ್ ಹಾಕ್ಕೊಂಡಿರುವಾಗ... ಬ್ರೇಕ್ ಒತ್ಕೊಂಡು... ಇಂಡಿಕೇಟರನ್ನೂ ಹಾಕಿದ್ರೆ, ಆಗ ಮಾತ್ರ ಹೀಗಾಗತ್ತೆ. ಎಲ್ಲಾ ಒಟ್ಟಿಗೆ. ಒಂದೊಂದೇ ಹಾಕಿದ್ರೆ ಏನೂ ಆಗಲ್ಲ."

ಅವಸರಣ್ಣ ಎಲ್ಲವನ್ನೂ ಒಟ್ಟಿಗೆ ಹಾಕಿಸಿದ. ಹೆಂಡತಿ ಕೂಗಿದಳು: "ಎಲ್ಲಾ ಮಂಕಾಗೇ ಹೋಯ್ತು ರೀ! ಇಂಡಿಕೇಟರ್ ಮಿಣುಕಿದಾಗ ಆ ಕಡೆ ದೀಪಾನೂ ಮಿಣುಕ್ತಿದೆ, ಒಂದರ ಉಸಿರು ಇನ್ನೊಂದು ಕಿತ್ಕೊಂಡ ಹಾಗೆ!"

ಅವಸರಣ್ಣ ಹಣೆ ಚಚ್ಚಿಕೊಂಡ. ಅರ್ತ್! ದೀಪಕ್ಕೆ ಹೋದ ಕರೆಂಟು ಬ್ಯಾಟರಿಗೆ ಮರಳಿ ಬರಬೇಕು. ಟ್ರೇಲರಿನ ಅಷ್ಟೂ ದೀಪಗಳ ಕರೆಂಟು ಮರಳುವುದು ಅದರ ಕಬ್ಬಿಣದ ಚೌಕಟ್ಟಿಗೆ ಸ್ಕ್ರೂ ಹಾಕಿದ ಒಂದೇ ಒಂದು ಅರ್ತ್ ವೈರಿನಲ್ಲಿ. ಆ ಜಾಗ ಸಡಿಲವಾದರೆ ಒಂದು ದೀಪದ ಭಾರ ಹೇಗೋ ತಡೆಯುತ್ತದೆ, ಎಲ್ಲವೂ ಒಮ್ಮೆಲೇ ಬಂದರೆ ಕೈಚೆಲ್ಲುತ್ತದೆ. ಒಂದೊಂದಾಗಿ ಚುರುಕಾಗಿ ನೋಡಿ ಮುಗಿಸಿದವನಿಗೆ ಅದು ಕಾಣುವುದು ಹೇಗೆ? ಟೆಸ್ಟ್ ಲ್ಯಾಂಪೂ ಪಿಕಪ್ಪಿನ ಒಳ್ಳೆಯ ಅರ್ತನ್ನು ಎರವಲು ಪಡೆದು ಉರಿದಿತ್ತು. ಟ್ರೇಲರಿನ ಅರ್ತನ್ನು ಅವನು ವಿಚಾರಿಸಿಯೇ ಇರಲಿಲ್ಲ.

ಟ್ರೇಲರಿನಡಿ ನುಗ್ಗಿ ಸ್ಕ್ರೂ ಬಿಚ್ಚಿದ. ಅದರ ಕೆಳಗೆ ಬೂದು ಬಣ್ಣದ ಪೇಂಟು ದಪ್ಪವಾಗಿ ಕೂತಿತ್ತು. ಅಣ್ಣ ಟ್ರೇಲರಿಗೆ ಹೊಸದಾಗಿ ಪೇಂಟು ಹೊಡೆಸಿದಾಗ ವೈರು ಮರಳಿ ಹಾಕಿಕೊಟ್ಟವನು ಇವನೇ. ಕೆರೆಯುವಷ್ಟು ತಾಳ್ಮೆಯಿಲ್ಲದೆ ಪೇಂಟಿನ ಮೇಲೆಯೇ ಸ್ಕ್ರೂ ಜಡಿದಿದ್ದ. ಅವಸರಣ್ಣನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಎಮರಿ ಪೇಪರಿನಲ್ಲಿ ತಿಕ್ಕಿ ತಿಕ್ಕಿ ಕಬ್ಬಿಣ ಬೆಳ್ಳಗೆ ಹೊಳೆಯುವಂತೆ ಮಾಡಿದ. ಹಸಿರುಗಟ್ಟಿದ ವೈರಿನ ತುದಿ ಕತ್ತರಿಸಿ, ಹೊಸ ತುದಿ ಒತ್ತಿ, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸ್ ಬಳಿದ.

"ಎಲ್ಲಾ ಒಟ್ಟಿಗೆ ಹಾಕಣ್ಣ!"

"ಉರೀತಿದೆ!" ಹೆಂಡತಿ ಚಪ್ಪಾಳೆಯನ್ನೇ ತಟ್ಟಿದಳು. "ಮದುವೆ ಮನೆ ಹಾಗೆ ಉರೀತಿದೆ! ನಾನು ಹೋಗಿ ಇನ್ನೊಂದು ತೋಳು ಹಚ್ತೀನಿ." ಅವಳು ಒಳಗೆ ಹೋದಳು.

ಅಣ್ಣ ಮಾತ್ರ ಹೊರಡಲಿಲ್ಲ. ಗಾಡಿಯ ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ಕೂತೇ ಇದ್ದ. "ಹೊರಡು" ಎಂಬ ಮಾತು ಅವಸರಣ್ಣನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಕಾಲು ತಕಪಕ ಕುಣಿಯುತ್ತಿತ್ತು. ಪಿಕಪ್ಪಿನ ಬಾಗಿಲ ಚೌಕಟ್ಟು ಹಿಡಿದು ನಿಂತ.

"ಆ ಬಸ್ಸಿನವನು..." ಎಂದ ಅಣ್ಣ. ಕತ್ತಿನ ಹಿಂಭಾಗ ಕೆರೆದ. "ಅವನ ತಪ್ಪು ಅಂತ ಅಲ್ಲ. ನಾನು ತಟ್ಟಂತ ಬ್ರೇಕ್ ಹಾಕ್ದೆ. ಎದುರಿಗೆ ಒಬ್ಬಳು ಮಗು ಎತ್ಕೊಂಡು ರಸ್ತೆ ದಾಟ್ತಿದ್ಲು. ತೀರಾ ಹತ್ತಿರ ಬರೋವರೆಗೂ... ನನಗೆ ಕಾಣಿಸ್ಲಿಲ್ಲ."

ಕುಣಿಯುತ್ತಿದ್ದ ಅವಸರಣ್ಣನ ಕಾಲು ನಿಂತಿತು.

"ಮಬ್ಬಾದ್ರೆ ಕಣ್ಣು ಸರಿಯಾಗಿ ಕಾಣಲ್ಲ. ಸುಮಾರು ದಿನ ಆಯ್ತು."

"ಯಾಕಣ್ಣ ನನಗೆ ಹೇಳ್ಲಿಲ್ಲ?"

ಅಣ್ಣ ನಕ್ಕ. ಅದರಲ್ಲಿ ಮುನಿಸಿರಲಿಲ್ಲ, ಅದೇ ತಮ್ಮನಿಗೆ ತಡೆಯಲಾಗಲಿಲ್ಲ. "ಬಂದಾಗೆಲ್ಲ ಹೇಳೋಕಂತಲೇ ಬರ್ತಿದ್ದೆ. ನೀನು ಗಾಡಿ ಕೆಳಗೆ ಹೋಗ್ಬಿಡ್ತಿದ್ದೆ."

ಅವಸರಣ್ಣ ಕೈಚಾಚಿ ಬೀಗದ ಕೈ ತೆಗೆದುಕೊಂಡ. ಅಣ್ಣ ಆಚೆ ಸೀಟಿಗೆ ಸರಿದ. ಹತ್ತಿ ಕೂತ ತಮ್ಮನ ಕಣ್ಣು ತುಂಬಿತ್ತು. ಡಾಕ್ಟರು, ಕನ್ನಡಕ, ನಾಳೆಯಿಂದ ಸಂಜೆ ಗಾಡಿ ಯಾರು ಓಡಿಸಬೇಕು, ಹೇಳಬೇಕಾದ್ದು ರಾಶಿ ಬಿದ್ದಿತ್ತು. ಅದನ್ನೆಲ್ಲ ಬದಿಗೊತ್ತಿ ಕೇಳಿದ:

"ಇನ್ನೂ ಏನಾದ್ರೂ ಇದೆಯಾ ಅಣ್ಣ?"

"ಇದೆ," ಎಂದ ಅಣ್ಣ.

ಅವಸರಣ್ಣ ಇಂಜಿನ್ ಸ್ಟಾರ್ಟ್ ಮಾಡದೆ, ಅವನ ಕಡೆ ತಿರುಗಿ ಕೂತ.