ಮುಲಾಮಿನ ಡಬ್ಬಿಯ ಮೇಲೆ ನನ್ನ ಅಕ್ಷರ

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ಮುಂಬಯಿ ಪಕ್ಕದ ಕಳವಾ ಸ್ಟೇಷನ್ ಹತ್ತಿರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೌಂಟರ್ ಸೇಲ್ಸ್‌ಮನ್ ಆಗಿದ್ದೆ. ಆ ಕೌಂಟರಿನ ಹಿಂದೆ ನಿಂತು ಇಪ್ಪತ್ತೊಂಬತ್ತು ವರ್ಷ ಆಗಿತ್ತು. ನಾನು ಓದಿದ್ದು ಕುಂದಾಪುರ ಕಡೆಯ ಒಂದು ಹೈಸ್ಕೂಲಿನಲ್ಲಿ, ಎಸ್ಸೆಸ್ಸೆಲ್ಸಿ ತನಕ. ಫಾರ್ಮಸಿಸ್ಟ್ ಅಂದರೆ ಔಷಧಿಯ ವಿಷಯ ಓದಿ ಪರವಾನಗಿ ಪಡೆದವರು. ನಾನು ಅದಲ್ಲ. ಡಾಕ್ಟರ ಚೀಟಿ ನೋಡಿ ಕಪಾಟಿನಿಂದ ಔಷಧಿ ತೆಗೆದುಕೊಡುವವನು. ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದೆಲ್ಲ ನಾನು ಅದನ್ನು ಮರೆತದ್ದರಿಂದಲೇ ಆದದ್ದು.

ಮರೆಯುವುದಕ್ಕೆ ಕಾರಣವೂ ಇತ್ತು. ಕಳವಾದ ಗುಡ್ಡದ ಬದಿಯ ಒಂದೊಂದೇ ಕೋಣೆಯ ಖೋಲಿಗಳಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಕೂಲಿ ಜನ ಬಹಳ. ಅವರಿಗೆ ಡಾಕ್ಟರ ಹತ್ತಿರ ಹಿಂದಿಯಲ್ಲಿ ಮೈಯ ಕಷ್ಟ ಹೇಳಲು ನಾಚಿಕೆ. ನನ್ನ ಹತ್ತಿರ ಕನ್ನಡದಲ್ಲಿ ಹೇಳಬಹುದಿತ್ತು. ನಾನು ಔಷಧಿ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕೆಂದು ಡಬ್ಬಿಯ ಮೇಲೆ ನೀಲಿ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದು ಕೊಡುತ್ತಿದ್ದೆ. ಔಷಧಿ ಮುಗಿದರೆ ಅವರು ಅದೇ ಖಾಲಿ ಡಬ್ಬಿ ತಂದು ತೋರಿಸುತ್ತಿದ್ದರು. ನನ್ನ ಅಕ್ಷರವೇ ಅವರಿಗೆ ಚೀಟಿ. ಕ್ರಮೇಣ "ಡಾಕ್ಟರ್ ಅಣ್ಣಾರ" ಎಂಬ ಹೆಸರು ಬಿತ್ತು. ನಾನು ತಿದ್ದಲಿಲ್ಲ. ಡೊಂಬಿವಲಿಯ ನಮ್ಮ ಮನೆಯಲ್ಲಿ ಹೆಂಡತಿ ಸುಮತಿ ಮಾತ್ರ, "ನಿಮ್ಮ ಡಾಕ್ಟರಿಕೆ ಅಂಗಡಿಯಲ್ಲೇ ಬಿಟ್ಟು ಬನ್ನಿ, ಇಲ್ಲಿ ಕೊತ್ತಂಬರಿ ಸೊಪ್ಪು ತರಲು ಜನ ಬೇಕು" ಎನ್ನುತ್ತಿದ್ದಳು.

ಡಿಸೆಂಬರಿನ ಒಂದು ಭಾನುವಾರ ಭೀಮಣ್ಣ ಬಂದ. ಸಿಂದಗಿ ಕಡೆಯವನು, ಮೂವತ್ತೈದರ ಆಸುಪಾಸು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಸಳಿ, ಅಂದರೆ ಕಬ್ಬಿಣದ ಸರಳು ಏರಿಸುವ ಕೆಲಸ. ಅಲ್ಲಿ ಹತ್ತು ಹನ್ನೆರಡು ಜನ ಒಂದು ಗುಂಪಾಗಿ ದುಡಿಯುತ್ತಾರೆ. ಅದಕ್ಕೆ ಟೋಳಿ ಎನ್ನುತ್ತಾರೆ, ಅದರ ಮುಖ್ಯಸ್ಥನಿಗೆ ಮುಕಾದಮ. ಟೋಳಿಯಲ್ಲಿ ಒಂದು ಜಾಗ ಸಿಗಲು ಭೀಮಣ್ಣ ನಾಲ್ಕು ವರ್ಷ ಕಾದಿದ್ದನಂತೆ.

ಅಂಗಿಯ ತೋಳು ಮಡಚಿ ತೋರಿಸಿದ. ಎರಡೂ ಮುಂಗೈ, ಮೊಣಕಾಲ ಕೆಳಗೆ, ಸೊಂಟದ ಸುತ್ತ ಚರ್ಮ ಒಣಗಿ ಬಿಳಿ ಹೊಟ್ಟು ಎದ್ದಿತ್ತು. ನಡುವೆ ಉಗುರಿನ ಗೀರುಗಳು.

"ಭಾಳ ಕೆರೀತೈತ್ರಿ ಅಣ್ಣಾರ. ನಾ ಕೆರಕೊಳ್ಳೂ ಸಪ್ಪಳಕ್ಕ ಬಾಜೂ ಖೋಲಿಯವ್ರು ಇಲಿ ಬಂತಂತ ಬಡಿಗಿ ಹಿಡಕೊಂಡು ಏಳ್ತಾರ" ಎಂದ. ನಾನೂ ನಕ್ಕೆ, ಅವನೂ ನಕ್ಕ.

"ಅದೆಂತ ದೊಡ್ಡ ಕಾಯಿಲೆ ಅಲ್ಲ ಮಾರಾಯ. ಎರಡು ದಿನದಲ್ಲಿ ಹೋಗ್ತದೆ" ಎಂದು ಹದಿನೈದು ಗ್ರಾಮಿನ ಒಂದು ಟ್ಯೂಬ್ ಕೊಟ್ಟೆ. ಸ್ಟೆರಾಯ್ಡ್, ಹುಳುಕಡ್ಡಿಯ ಔಷಧಿ, ಆಂಟಿಬಯೋಟಿಕ್ ಮೂರನ್ನೂ ಒಟ್ಟಿಗೆ ಬೆರೆಸಿದ ಕ್ರೀಮ್ ಅದು. ಏನೆಂದು ಗೊತ್ತಿಲ್ಲದ ತುರಿಕೆಗೆಲ್ಲ ನಮ್ಮಂಥವರು ಕೊಡುತ್ತಿದ್ದದ್ದು ಅದನ್ನೇ. ಡಬ್ಬಿಯ ಮೇಲೆ ಬರೆದೆ: "ದಿನಕ್ಕೆ ಎರಡು ಸಲ. ಪೂರ್ತಿ ಗುಣವಾಗುವ ತನಕ."

ಸ್ಟೆರಾಯ್ಡ್ ಚರ್ಮದ ಕೆಂಪು, ಉರಿ, ತುರಿಕೆಯನ್ನು ಬೇಗ ಅಡಗಿಸುತ್ತದೆ. ತುರಿಕೆಯ ಕಾರಣವನ್ನು ತೆಗೆಯುವುದಿಲ್ಲ. ಸರಿಯಾದ ಕಾಯಿಲೆಗೆ, ಡಾಕ್ಟರು ಹೇಳಿದಷ್ಟೇ ದಿನ ಹಚ್ಚಿದರೆ ಒಳ್ಳೆಯ ಔಷಧಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ; ಬಿಟ್ಟ ಕೂಡಲೇ ತುರಿಕೆ ಮೊದಲಿಗಿಂತ ಜೋರಾಗಿ ಬರುತ್ತದೆ.

ಮುಂದಿನ ಭಾನುವಾರ ಭೀಮಣ್ಣ ಕೌಂಟರಿಗೆ ಬಂದು ಎಲ್ಲರಿಗೂ ಕೇಳುವಂತೆ, "ಎರಡನೇ ದಿನಕ್ಕ ಬೆಂಕಿಗೆ ನೀರ ಹಾಕಿಧಂಗ ಆತ್ರಿ" ಎಂದ. ಎದೆ ಉಬ್ಬಿತು. ಹದಿನೈದು ದಿನಕ್ಕೆ ಮತ್ತೆ ಖಾಲಿ ಡಬ್ಬಿ ಹಿಡಿದು ಬಂದ. ಹಚ್ಚುವುದು ನಿಲ್ಲಿಸಿದರೆ ತಿರುಗಿ ಬರುತ್ತದೆ ಎಂದ. ಇನ್ನೊಂದು ಕೊಟ್ಟೆ. ಹೋಳಿಯ ಹೊತ್ತಿಗೆ ಹದಿನೈದು ದಿನಕ್ಕೊಂದು ಟ್ಯೂಬ್ ಹೋಗಿ ವಾರಕ್ಕೊಂದು ಆಗಿತ್ತು. ಆಗ ನಾನು ಅದಕ್ಕಿಂತ ಬಲವಾದ ಇನ್ನೊಂದು ಕ್ರೀಮ್ ತೆಗೆದುಕೊಟ್ಟೆ.

ನಮ್ಮ ಅಂಗಡಿಯಲ್ಲಿ ಮನೀಷಾ ಎಂಬ ಹುಡುಗಿ ಫಾರ್ಮಸಿಸ್ಟ್ ಆಗಿದ್ದಳು. ಅವಳು ಒಂದು ದಿನ ನನ್ನ ಕೈಯ ಟ್ಯೂಬ್ ನೋಡಿ, "ಕಾಕಾ, ಯಾತ್ ಸ್ಟೆರಾಯ್ಡ್ ಆಹೆ. ತೋ ಮಾಣೂಸ್ ರೋಜ್ ಲಾವತೋ ಕಾ?" ಎಂದಳು. ಇದರಲ್ಲಿ ಸ್ಟೆರಾಯ್ಡ್ ಇದೆ, ಆ ಮನುಷ್ಯ ಇದನ್ನು ದಿನಾ ಹಚ್ಚುತ್ತಾನಾ ಎಂದು ಕೇಳಿದ್ದು. ಡಬ್ಬಿಯೊಳಗೆ ಮಡಚಿಟ್ಟ ಕಾಗದ ತೆಗೆದು ಮುಂದಿಟ್ಟಳು. ಎರಡು ವಾರಕ್ಕಿಂತ ಹೆಚ್ಚು ಹಚ್ಚಬಾರದು, ಚರ್ಮ ತೆಳುವಾಗುತ್ತದೆ ಎಂದು ಸಣ್ಣ ಅಕ್ಷರದಲ್ಲಿತ್ತು. ನನ್ನ ಇಂಗ್ಲಿಷ್ ಅಷ್ಟು ಓದಲು ಸಾಕು. ಓದಿದೆ, ಅರ್ಥವಾಯಿತು. "ನೀನು ಹುಟ್ಟುವ ಮೊದಲಿನಿಂದ ಕೊಡ್ತಿದ್ದೇನೆ" ಎಂದು ಅವಳಿಗೆ ಹೇಳಿದೆ. ಕಾಗದವನ್ನು ಮಡಚಿ ಒಳಗಿಟ್ಟೆ. ಮರುದಿನ ಭೀಮಣ್ಣ ಬಂದಾಗ ಆ ಟ್ಯೂಬನ್ನೇ ಕೊಟ್ಟೆ. ಬೇಡ ಎಂದಿದ್ದರೆ, ಮೊದಲು ಕೊಟ್ಟದ್ದು ತಪ್ಪು ಎಂದು ಒಪ್ಪಬೇಕಾಗುತ್ತಿತ್ತು. ಡಾಕ್ಟರ್ ಅಣ್ಣಾರಿಗೆ ಅದು ಆಗಲಿಲ್ಲ. ಬಹಳ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಇದು.

ಮೇ ತಿಂಗಳಿನಲ್ಲಿ ಅವನು ಎಡಗೈಗೆ ಬಟ್ಟೆ ಸುತ್ತಿಕೊಂಡು ಬಂದ. ಸಳಿಯ ಕಟ್ಟೊಂದು ಸ್ವಲ್ಪ ಉಜ್ಜಿದ್ದಷ್ಟೇ, ಮುಂಗೈಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಒಂದು ಪಟ್ಟಿ ಎದ್ದು ಬಂದಿತ್ತು. ಸುತ್ತಲಿನ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು, ಒಳಗಿನ ನರಗಳು ಕಾಣುತ್ತಿದ್ದವು.

"ಮುಕಾದಮ ಅಂತಾನ್ರಿ, ನಿನ್ನ ಕೈ ಹೆಂಗಸರ ಕೈ ಆಗೇತಿ, ಬಳಿ ಇಡಸ್ಕೊ ಅಂತ" ಎಂದ. ನಗಲಿಕ್ಕೆ ನೋಡಿದ, ಆಗಲಿಲ್ಲ. "ಎಂಟ ದಿನ ಟೈಮ್ ಕೊಟ್ಟಾನ. ಆರಾಮಾಗ್ಲಿಲ್ಲಂದ್ರ ಟೋಳಿಯಾಗ ಬ್ಯಾರೆಯವನ್ನ ತಗೋತಾರ. ಏನರ ಜೋರ್ ಔಷಧಿ ಕೊಡ್ರಿ ಅಣ್ಣಾರ."

ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಮರುದಿನ ರಜೆ ಹಾಕಿ ಅವನನ್ನು ಥಾಣೆಯ ಒಂದು ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ನಲವತ್ತರ ಒಬ್ಬ ಮರಾಠಿ ಹೆಂಗಸು. ಕೈಯನ್ನು ಬಹಳ ಹೊತ್ತು ನೋಡಿ, ಅವರು ಕೇಳಿದ ಮೊದಲ ಪ್ರಶ್ನೆ, "ನಹಾತೆ ಕೈಸೆ ಹೋ?"

ಸ್ನಾನ ಹೇಗೆ ಮಾಡುತ್ತೀ. ಐದಾರು ತಿಂಗಳಲ್ಲಿ ನಾನು ಅವನನ್ನು ಆ ಮಾತು ಕೇಳಿರಲಿಲ್ಲ.

ಭೀಮಣ್ಣ ತನ್ನ ಹಿಂದಿಯಲ್ಲಿ ಹೇಳಿದ. ಸಳಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಬಳಿದಿರುತ್ತಾರೆ. ಆ ಎಣ್ಣೆ, ತುಕ್ಕಿನ ಪುಡಿ ಎಲ್ಲ ಮೈಗೆ ಹತ್ತುತ್ತದೆ. ಸಂಜೆ ಟೋಳಿಯವರೆಲ್ಲ ಬಟ್ಟೆ ಒಗೆಯುವ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯುತ್ತಾರೆ. ಖೋಲಿಗೆ ಬಂದ ಮೇಲೆ ಮೈನೋವಿಗೆಂದು ಸುಡುಸುಡು ನೀರು ಹುಯ್ದುಕೊಳ್ಳುತ್ತಾರೆ. ಡಾಕ್ಟರು ತಲೆಯಾಡಿಸಿದರು. ಚರ್ಮಕ್ಕೆ ತನ್ನದೇ ಜಿಡ್ಡು ಇರುತ್ತದೆ, ಅದೇ ಅದರ ಹೊದಿಕೆ. ಇವರು ದಿನಾ ಅದನ್ನು ಕಿತ್ತು ಹಾಕುತ್ತಿದ್ದರು. ಶುರುವಿನಲ್ಲಿ ಅವನಿಗಿದ್ದದ್ದು ಒಣ ಚರ್ಮ, ಅಷ್ಟೇ.

ಆಮೇಲೆ, ಹಚ್ಚುತ್ತಿದ್ದದ್ದು ಏನೆಂದು ಕೇಳಿದರು. ಭೀಮಣ್ಣ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅವರು ತಿರುಗಿಸಿ ನೋಡಿ, ನೀಲಿ ಅಕ್ಷರದ ಕಡೆ ಬೆರಳಿಟ್ಟು ನನ್ನನ್ನು ಕೇಳಿದರು. "ಕಾಕಾ, ಇದು ಕನ್ನಡ ಅಲ್ಲವಾ? ಏನು ಬರೆದಿದೆ ಓದಿ ಹೇಳಿ."

ನನ್ನ ಅಕ್ಷರವನ್ನು ನಾನೇ ಓದಿದೆ. ಓದಿ ಹಿಂದಿಯಲ್ಲಿ ಹೇಳಿದೆ. ದಿನಕ್ಕೆ ಎರಡು ಸಲ. ಪೂರ್ತಿ ಗುಣವಾಗುವ ತನಕ.

"ಯಾರು ಬರೆದದ್ದು ಇದು?"

ನಾನು ಡಬ್ಬಿಯನ್ನೇ ನೋಡುತ್ತಿದ್ದೆ. ಭೀಮಣ್ಣ ಒಂದು ಸಲ ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ಆಮೇಲೆ ನೆಲ ನೋಡಿ, "ಗಾಂವ್ ಮೇ ಏಕ್ ಆದ್ಮಿ ಹೈ ಮೇಡಂ. ಪಢಾಲಿಖಾ ಹೈ" ಎಂದ. ನಮ್ಮೂರಲ್ಲಿ ಒಬ್ಬರಿದ್ದಾರೆ, ಓದಿದವರು.

ಡಾಕ್ಟರು ಸಿಟ್ಟಾಗಲಿಲ್ಲ. "ಊರಿಗೆ ಹೋದರೆ ಅವರಿಗೆ ಹೇಳಿ, ಇನ್ನು ಬರೆಯಬೇಡಿ ಅಂತ" ಎಂದರು. ಅದು ನಾನೇ ಎಂದು ಹೇಳಲು ಆ ಕೋಣೆಯಲ್ಲಿ ನನಗೆ ಬೇಕಾದಷ್ಟು ಸಮಯವಿತ್ತು. ಹೇಳದೆ, ಅವರು ಬರೆದುಕೊಟ್ಟ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

ಅವರು ಕೊಟ್ಟ ಚಿಕಿತ್ಸೆಯಲ್ಲಿ ದೊಡ್ಡ ಔಷಧಿ ಏನೂ ಇರಲಿಲ್ಲ. ಬಲವಾದ ಕ್ರೀಮನ್ನು ಒಮ್ಮೆಲೇ ಬಿಡಿಸದೆ, ಕಡಿಮೆ ಬಲದ್ದು ಕೊಟ್ಟು ತಮ್ಮ ಕಣ್ಣೆದುರೇ ಹಂತಹಂತವಾಗಿ ಬಿಡಿಸಿದರು. ಕಬ್ಬಿಣದ ಎಣ್ಣೆ ತೆಗೆಯಲು ಮೊದಲು ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಬೇಕು. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಐದು ನಿಮಿಷ. ಮೃದುವಾದ ಸೋಪು, ಅದೂ ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಟವೆಲಿನಿಂದ ಉಜ್ಜಬಾರದು, ಒತ್ತಿ ನೀರು ತೆಗೆಯಬೇಕು. ಮೈ ಇನ್ನೂ ಹಸಿಯಿರುವಾಗಲೇ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು, ಆರಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗವಿಲ್ಲ. ತುರಿಕೆ ತಡೆಯದಿದ್ದರೆ ತಣ್ಣನೆಯ ಒದ್ದೆ ಬಟ್ಟೆ ಇಡಬೇಕು. ಉಗುರು ಗಿಡ್ಡ ಇರಬೇಕು, ಕೆಲಸಕ್ಕೆ ತುಂಬು ತೋಳಿನ ಹತ್ತಿಯ ಅಂಗಿ. ಇಷ್ಟೇ. ಇವೆಲ್ಲ ನನ್ನ ಕಪಾಟಿನಲ್ಲಿ, ಇಲ್ಲವೇ ಯಾರ ಮನೆಯಲ್ಲೂ ಇರುವ ವಸ್ತುಗಳು.

ತುರಿಕೆ ನಿಲ್ಲಲು ಮೂರು ತಿಂಗಳು ಹಿಡಿಯಿತು. ಗಾಯ ಮಾಯಲು ಒಂದೂವರೆ ತಿಂಗಳು. ಮುಕಾದಮ ಕೊಟ್ಟದ್ದು ಎಂಟು ದಿನ. ಒಂಬತ್ತನೇ ದಿನ ಟೋಳಿಯಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದ.

ಆಸ್ಪತ್ರೆಯಿಂದ ಹೊರಗೆ ಬಂದಾಗ ಭೀಮಣ್ಣ, "ಚಾ ಕುಡಿಯೂನ್ ಬರ್ರಿ" ಎಂದಿದ್ದ. ಕುಡಿದೆವು. ಅವನು ಡಬ್ಬಿಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಮೇಲೆ ನಮ್ಮ ಅಂಗಡಿಗೆ ಅವನು ಬರಲಿಲ್ಲ. ಎದುರಿನ ರಸ್ತೆಯಲ್ಲಿ ಹೋಗುವಾಗ ನಮಸ್ಕಾರ ಮಾಡುತ್ತಿದ್ದ, ನಿಲ್ಲುತ್ತಿರಲಿಲ್ಲ. ನಾನು ಚೀಟಿಯಿಲ್ಲದೆ ಆ ಟ್ಯೂಬ್ ಕೊಡುವುದು ಬಿಟ್ಟೆ. ಡಬ್ಬಿಯ ಮೇಲೆ ಬರೆಯುವುದನ್ನೂ ಬಿಟ್ಟೆ. ಜನ ಸ್ವಲ್ಪ ದಿನ ಬಂದು, "ಡಾಕ್ಟರ್ ಅಣ್ಣಾರಿಗೆ ಸಿಟ್ಟು ಬಂದೈತಿ" ಎಂದು ಮುಂದಿನ ಅಂಗಡಿಗೆ ಹೋದರು. ಅಲ್ಲಿ ಅದೇ ಟ್ಯೂಬ್ ಸಿಗುತ್ತಿತ್ತು.

ಕೊರೊನಾ ಮುಗಿದ ವರ್ಷ ಕೆಲಸ ಬಿಟ್ಟೆ. ಅದರ ಹಿಂದಿನ ವರ್ಷ ಸುಮತಿ ತೀರಿಕೊಂಡಿದ್ದಳು. ನಮಗೆ ಮಕ್ಕಳಿಲ್ಲ. ಡೊಂಬಿವಲಿಯ ಹೌಸಿಂಗ್ ಸೊಸೈಟಿಯಲ್ಲಿ ಮೂರನೇ ಮಹಡಿಯ ಮನೆ, ಬೆಳಿಗ್ಗೆ ಲೋಕಲ್ ರೈಲು ಹಿಡಿಯುವವರೆಲ್ಲ ಇಳಿದು ಹೋದ ಮೇಲೆ ಮೆಟ್ಟಿಲಲ್ಲಿ ಸಂಜೆ ತನಕ ಸದ್ದಿರುವುದಿಲ್ಲ. ಈಗ ನನಗೆ ಎಪ್ಪತ್ತು ದಾಟಿದೆ. ಕಳೆದ ಚಳಿಗಾಲದಿಂದ ನನ್ನ ಮೈಯೂ ಒಣಗಿ ತುರಿಸತೊಡಗಿತು. ವಯಸ್ಸಾದ ಚರ್ಮದಲ್ಲಿ ಜಿಡ್ಡು ಕಡಿಮೆಯಾಗುತ್ತದೆ. ಕೈ ಕಾಲಿಗೆ ಜೆಲ್ಲಿ ಹಚ್ಚಿಕೊಳ್ಳಬಹುದು, ಬೆನ್ನಿನ ನಡುವೆ ಒಂದು ಅಂಗೈಯಗಲ ಜಾಗ ಕೈಗೆ ಎಟುಕುವುದಿಲ್ಲ. ಅಲ್ಲಿಗೆ ಹಿಂದೆ ಸುಮತಿಯ ಕೈ ಇತ್ತು. ಈಗ ಸೌಟಿನ ಹಿಡಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ ಅದರಿಂದ ಹಚ್ಚುತ್ತೇನೆ. ಎಷ್ಟೋ ಸಲ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಾ ನಿಂತಾಗ ಭೀಮಣ್ಣನ ಇಲಿಯ ಮಾತು ನೆನಪಾಗುತ್ತದೆ. ನನ್ನ ಸಪ್ಪಳಕ್ಕೆ ಏಳುವವರು ಬಾಜೂ ಮನೆಯಲ್ಲೂ ಇಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಕಳಂಬೋಲಿಗೆ ಹೋದೆ. ಒಂದು ಗೋಡೌನಿನ ಗೇಟಿನಲ್ಲಿ ಲಾರಿ ನಂಬರ್ ಬರೆದುಕೊಳ್ಳುವ ಕೆಲಸದಲ್ಲಿ ಭೀಮಣ್ಣ ಇದ್ದಾನೆಂದು ಅವನ ಊರಿನವರೊಬ್ಬರು ಹೇಳಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ತುಂಬು ತೋಳಿನ ಅಂಗಿ ಹಾಕಿ ಕುಳಿತಿದ್ದ. ನನ್ನನ್ನು ನೋಡಿ ಎದ್ದು ಕುರ್ಚಿ ಬಿಟ್ಟುಕೊಟ್ಟ, ತಾನು ಇಟ್ಟಿಗೆಯ ಮೇಲೆ ಕುಳಿತ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಿದೆ. "ಭೀಮಣ್ಣ, ಆ ಕ್ರೀಮ್ ಜಾಸ್ತಿ ದಿನ ಹಚ್ಚಬಾರದು ಅಂತ ನನಗೆ ಗೊತ್ತಿತ್ತು. ಡಬ್ಬಿಯ ಒಳಗಿನ ಕಾಗದದಲ್ಲಿ ಬರೆದಿತ್ತು. ನಾನು ಓದಿದ್ದೆ. ಓದಿದ ಮೇಲೂ ನಿನಗೆ ಕೊಟ್ಟೆ."

ಒಂದು ಲಾರಿ ಬಂತು. ಎದ್ದು ನಂಬರ್ ಬರೆದುಕೊಂಡು ತಿರುಗಿ ಬಂದ. "ಒಳಗ ಕಾಗದ ಇತ್ತಂತ ನನಗೂ ಗೊತ್ತಿತ್ರಿ. ಇಂಗ್ಲಿಷ್ನಾಗಿತ್ತು. ಮ್ಯಾಲ ನೀವು ಕನ್ನಡದಾಗ ಬರದಿದ್ರಿ" ಎಂದ. ನಂಬರಿನ ಪುಸ್ತಕ ಮುಚ್ಚುತ್ತಾ, "ನಾ ಅದನ್ನ ಓದೀನ್ರಿ" ಎಂದ.

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಕುಳಿತಲ್ಲೇ ನನ್ನ ಒಂದು ಕೈ ತಾನಾಗಿಯೇ ಇನ್ನೊಂದರ ಮುಂಗೈ ಕೆರೆಯುತ್ತಿತ್ತು. ಭೀಮಣ್ಣ ಅದನ್ನು ನೋಡಿದ. ಬಗ್ಗಿ, ನನ್ನ ಕೈ ಹಿಡಿದು, ಬಿಸಿಲಿಗೆ ತಿರುಗಿಸಿ, ಆ ಡಾಕ್ಟರು ನೋಡಿದಷ್ಟೇ ಹೊತ್ತು ನೋಡಿದ.

"ಜಳಕ ಹೆಂಗ ಮಾಡ್ತೀರಿ?" ಎಂದು ಕೇಳಿದ.

ಮೂವತ್ತು ವರ್ಷ ಮೈಯ ಕಷ್ಟ ಹೇಳಿಕೊಂಡು ಬಂದವರಿಗೆಲ್ಲ ನಾನು ಏನಾದರೊಂದು ಕೊಟ್ಟು ಕಳಿಸಿದ್ದೆ. ಕೊಡುವ ಮೊದಲು ಕೇಳಬೇಕಿತ್ತು. ಆ ಕೆಲಸದಿಂದ ನಾನು ಕಲಿತದ್ದು ಇದೊಂದೇ, ಅದನ್ನೂ ಅಂಗಡಿ ಬಿಟ್ಟ ಮೇಲೆ ಕಲಿತೆ.

"ಬಿಸಿ ನೀರು ಮಾರಾಯ. ಚಳಿಗೆ ಒಂದು ಬಕೆಟ್ ಜಾಸ್ತಿ" ಎಂದೆ.

"ಅದಕ್ಕಽ ಮತ್ತ" ಎಂದು ಭೀಮಣ್ಣ ನನ್ನ ಅಂಗಿಯ ತೋಳನ್ನು ಮಣಿಕಟ್ಟಿನ ತನಕ ಇಳಿಸಿ, ಗುಂಡಿ ಹಾಕಿದ.