ಬದುಕಿರುವವರ ಹೆಸರಿನ ಪಹಣಿ

2024ರ ಕೊನೆಯ ತಿಂಗಳುಗಳು. ನಾನಾಗ ತುಮಕೂರಿನಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷದ ವಿದ್ಯಾರ್ಥಿನಿ. ಬೆಳಿಗ್ಗೆ ಕಾಲೇಜು, ಉಳಿದ ಹೊತ್ತು ಕ್ರಿಮಿನಲ್ ವಕೀಲರಾದ ಸಿದ್ದಲಿಂಗಪ್ಪನವರ ಆಫೀಸಿನಲ್ಲಿ ಇಂಟರ್ನ್. ಐಪಿಸಿ, ಸಿಆರ್‌ಪಿಸಿ ಹೋಗಿ ಹೊಸ ಸಂಹಿತೆಗಳು ಬಂದು ಕೆಲವೇ ತಿಂಗಳಾಗಿತ್ತು. ಇಪ್ಪತ್ತು ಮೂವತ್ತು ವರ್ಷ ವಕೀಲಿಕೆ ಮಾಡಿದವರೂ ಸೆಕ್ಷನ್ ಹೇಳುವಾಗ ತಡವರಿಸಿ, ಹಳೆಯದು ಹೊಸದು ಎರಡನ್ನೂ ಬಾಯಿಪಾಠ ಮಾಡಿಕೊಂಡಿದ್ದ ನನ್ನ ಕಡೆ ತಿರುಗುತ್ತಿದ್ದರು. ಹೆಬ್ಬೂರಿನ ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಹಾಲು ಕರೆದು ಡೈರಿಗೆ ಹಾಕಿ, ಸೀಟು ಸಿಗದ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಡಿಗ್ರಿ ಮಾಡಿದವಳು. ಆದ್ದರಿಂದ ನನಗೆ ಸ್ವಲ್ಪ ಜಂಬವಿತ್ತು. ಇದ್ದದ್ದು ತಪ್ಪೆಂದು ಈಗಲೂ ಅನ್ನಿಸಿಲ್ಲ.

ನಾನು ಹೇಳಹೊರಟಿರುವ ಪ್ರಕರಣ ಗುಬ್ಬಿ ಕೋರ್ಟಿನದು. ಹೆಸರುಗಳನ್ನು ಬದಲಿಸಿದ್ದೇನೆ. ಒಂದು ತೆಂಗಿನ ತೋಟದಲ್ಲಿ ಬೋರ್‌ವೆಲ್ ಕೇಬಲ್ ಕಳುವಾಗಿತ್ತು. ಒಳಗಿನ ತಾಮ್ರಕ್ಕಾಗಿ ಕೇಬಲ್ ಕತ್ತರಿಸಿಕೊಂಡು ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಆರೋಪಿ ಮಂಜುನಾಥ, ಐಟಿಐ ಎಲೆಕ್ಟ್ರಿಕಲ್ ಓದಿದವನು, ಗುಬ್ಬಿಯ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕಳುವಿಗೆ ಕೆಲವು ದಿನ ಮುಂಚೆ ಅದೇ ತೋಟದಲ್ಲಿ ಪಂಪ್ ರಿಪೇರಿ ಮಾಡಿ ಇಳಿಸಿಕೊಟ್ಟಿದ್ದವನು ಅವನೇ. ಅನುಮಾನ ಅವನ ಮೇಲೆ ಬಂತು, ಬಂಧನವಾಯಿತು, ತುಮಕೂರು ಜೈಲಿಗೆ ಹೋದ. ಕೇಸನ್ನು ನಮ್ಮ ಆಫೀಸಿಗೆ ತಂದ ಅವನ ತಾಯಿ ಜಯಮ್ಮ ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರದ ಒಂದು ಊರಿನವರು. ಗಂಡ ಇಲ್ಲ, ಜಮೀನಿಲ್ಲ, ಕೂಲಿ.

ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳಲು ಸಿದ್ದಲಿಂಗಪ್ಪನವರ ಜೊತೆ ಜೈಲಿಗೆ ಹೋದಾಗ ಮಂಜುನಾಥ ಕೇಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಮೇಡಂ, ಸೋಮ್ವಾರ ನಂಗೆ ಕಂಬ ಹತ್ತೋ ಟೆಸ್ಟ್ ಅದೆ. ಪವರ್‌ಮನ್ ಪೋಸ್ಟು. ಕೇಸ್ ಆಮೇಕ್ ನೋಡ್ಕಳಣ, ಸೋಮ್ವಾರ ಆಚೆ ಇರಂಗೆ ಮಾಡಿ."

ವಿದ್ಯುತ್ ಕಂಪನಿಯ ಪವರ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದವರು ಮೈದಾನದಲ್ಲಿ ನೆಟ್ಟ ವಿದ್ಯುತ್ ಕಂಬವನ್ನು ಹತ್ತಿ ತೋರಿಸಬೇಕು. ಅವತ್ತು ಬಾರದವರಿಗೆ ಇನ್ನೊಂದು ದಿನ ಕೊಡುವುದಿಲ್ಲ. ಸಿದ್ದಲಿಂಗಪ್ಪನವರು ಅವನಿಗೆ, "ಕೇಸಿದೆ ಅಂತ ಅವರಿಗೆ ಬರೆದುಕೊಡು, ಮುಚ್ಚಿಡಬೇಡ. ಮೊದಲು ಕಂಬ ಹತ್ತು" ಎಂದಷ್ಟೇ ಹೇಳಿದರು.

ಬೇಲ್ ಅರ್ಜಿಯನ್ನು ನಾನೇ ತಯಾರಿಸಿದೆ. ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 480, ಅದರ ಹಿಂದೆ ತೀರ್ಪುಗಳ ದೊಡ್ಡ ಕಟ್ಟು. ಎರಡು ದಿನ ಲೈಬ್ರರಿಯಲ್ಲಿ ಕೂತಿದ್ದೆ. ಗುರುವಾರ ಮಧ್ಯಾಹ್ನ ಗುಬ್ಬಿ ಕೋರ್ಟಿನಲ್ಲಿ ನನ್ನ ಕಟ್ಟನ್ನು ಯಾರೂ ಬಿಚ್ಚಲಿಲ್ಲ. ನನ್ನ ಸೀನಿಯರ್ ಸಿದ್ದಲಿಂಗಪ್ಪನವರು ನಾಲ್ಕು ಮಾತಾಡಿದರು, ಸರ್ಕಾರಿ ವಕೀಲರು ಎರಡು. ಬೇಲ್ ಆಯಿತು. ಷರತ್ತು: ಆರೋಪಿಯ ಸ್ವಂತ ಬಾಂಡ್, ಜೊತೆಗೆ ಒಬ್ಬ ಜಾಮೀನುದಾರ. ಅಂದರೆ ಪ್ರತಿ ವಾಯಿದೆಗೂ ಇವನನ್ನು ಕೋರ್ಟಿಗೆ ಹಾಜರುಪಡಿಸುವ ಹೊಣೆ ನನ್ನದು ಎಂದು ಬರೆದುಕೊಡುವ ಒಬ್ಬರು. ಅವರ ಹೆಸರಿನಲ್ಲಿ ಜಮೀನಿನ ಚಾಲ್ತಿ ಪಹಣಿ ಇರಬೇಕು.

ನನಗೆ ಹೊರಗೆ ಬಂದು ಕೂಗಬೇಕೆನ್ನಿಸಿತು. ಸೀನಿಯರ್ ಕೋಟು ತೆಗೆಯುತ್ತಾ, "ಆರ್ಡರ್ ಸಿಕ್ತು ಅಂತ ಕುಣೀಬೇಡ ಕಣಮ್ಮಾ. ಬೇಲ್ ಸಿಗೋದೇ ಬೇರೆ, ಹುಡುಗ ಆಚೆ ಬರೋದೇ ಬೇರೆ. ನಾಡಿದ್ದು ಎರಡನೇ ಶನಿವಾರ. ನಾಳೆ ಒಂದೇ ದಿನ ಇರೋದು" ಎಂದರು.

ಟೀ ಅಂಗಡಿಯ ಹತ್ತಿರ ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಬಂದ. "ಯಾಕ್ ಒದ್ದಾಡ್ತೀರ ಮೇಡಂ? ಪಾಣಿ ರೆಡಿ, ಫೋಟೋ ರೆಡಿ. ಹುಡ್ಗನ್ ಚಿಕ್ಕಪ್ಪ ಅಂತ್ಲೇ ಯೋಳ್ತೀನಿ" ಎಂದ.

"ಹೋದ ವಾರ ಯಾರಿಗ್ಲಾ ಚಿಕ್ಕಪ್ಪ ಆಗಿದ್ದೆ? ನಡಿ ನಡಿ," ಎಂದು ಸೀನಿಯರ್ ಅವನನ್ನು ಅಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಸುಳ್ಳು ಜಾಮೀನು ಕೊಡಿಸಿ ಗೆದ್ದ ವಕೀಲ ಗೆದ್ದಂಗಲ್ಲ. ಊರಿಗೆ ಹೋಗು, ನಿಜವಾದ ಮನುಷ್ಯನ್ನ ಕರ್ಕೊಂಡು ಬಾ" ಎಂದರು.

ಗುಬ್ಬಿಯಿಂದ ತುಮಕೂರು, ಅಲ್ಲಿಂದ ನಮ್ಮ ಹೆಬ್ಬೂರನ್ನು ದಾಟಿ ಕುಣಿಗಲ್, ಅಲ್ಲಿಂದ ಇನ್ನೊಂದು ಬಸ್ಸು. ಜಯಮ್ಮ ನನ್ನ ಜೊತೆಗಿದ್ದರು. ನಾವು ಮುಟ್ಟುವ ಹೊತ್ತಿಗೆ ದನಗಳು ಮನೆಗೆ ಬರುತ್ತಿದ್ದವು. ಜಯಮ್ಮನ ತಮ್ಮ ಚಿಕ್ಕಣ್ಣ ಕೇಳಿದ ಕೂಡಲೇ, "ನಾನ್ ನಿಲ್ತೀನಿ ಬುಡಕ್ಕ, ನಮ್ ಹುಡ್ಗನಿಗ್ ನಾನ್ ನಿಲ್ದಿದ್ರೆ ಇನ್ಯಾರ್ ನಿಂತಾರು?" ಎಂದು ಒಳಗಿಂದ ಪಹಣಿ ತಂದರು. ನಾನು ಹೆಸರು ಓದಿದೆ.

"ಇದು ಯಾರ ಹೆಸರು?"

"ನಮ್ಮಪ್ಪಂದು."

"ಎಲ್ಲಿದ್ದಾರೆ? ಅವರನ್ನೇ ಕರ್ಕೊಂಡು ಹೋಗೋಣ."

"ಅವ್ರು ತೀರ್ಕೊಂಡ್ ವರ್ಷಗಳಾದ್ವು ಮೇಡಂ."

ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅಣ್ಣತಮ್ಮಂದಿರು ಒಪ್ಪಬೇಕು, ಕಚೇರಿಗೆ ಅಲೆಯಬೇಕು, ಉಳುವುದಕ್ಕೆ ಏನೂ ಅಡ್ಡಿಯಿಲ್ಲವಲ್ಲ ಎಂದು ಜನ ಸುಮ್ಮನಿರುತ್ತಾರೆ. ಚಿಕ್ಕಣ್ಣನ ಪಕ್ಕದ ಮನೆಯಲ್ಲಿ ಕೇಳಿದೆವು, ಅಲ್ಲಿಯೂ ತಾತನ ಹೆಸರು. ಎದುರು ಮನೆಯಲ್ಲಿ ಜಂಟಿ ಖಾತೆ, ಅದರಲ್ಲಿ ಉಸಿರಾಡುತ್ತಿದ್ದವರು ಒಬ್ಬರೇ, ಅವರು ಮಗಳ ಮನೆಗೆ ಹೋಗಿದ್ದರು. ಹೆಚ್ಚುಕಮ್ಮಿ ಇಡೀ ಬೀದಿಯ ಹೊಲಗಳು ಸತ್ತವರ ಹೆಸರಿನಲ್ಲಿದ್ದವು. ಮನಸ್ಸಿದ್ದವರಿಗೆ ಪಹಣಿ ಇರಲಿಲ್ಲ.

ಕೊನೆಗೆ ನಮ್ಮಪ್ಪನಿಗೆ ಫೋನ್ ಮಾಡಿದೆ. "ನೀನ್ ಯೋಳಿದ್ ಮೇಲೆ ನಿಲ್ತೀನಿ ಕಣವ್ವ. ಆದ್ರೆ ಪಾಣಿ ಇನ್ನೂ ನಿಮ್ ತಾತನ್ ಹೆಸ್ರಲ್ಲೇ ಅದಲ್ಲ, ನಡೀತದಾ?" ಎಂದರು.

ನಡೆಯುವುದಿಲ್ಲ ಎಂದು ಹೇಳಿ ಇಟ್ಟೆ.

ಆಗ ಚಿಕ್ಕಣ್ಣ, "ಈ ಬೀದೀಲಿ ಬದುಕಿರೋರ್ ಹೆಸ್ರಲ್ಲಿ ಪಾಣಿ ಅಂದ್ರೆ ಗೌರಮ್ಮಂದೊಂದೇ" ಎಂದರು. ಜಯಮ್ಮ ಮುಖ ತಿರುಗಿಸಿಕೊಂಡರು. ಕಾರಣವನ್ನು ಚಿಕ್ಕಣ್ಣನೇ ಹೇಳಿದರು. ಗೌರಮ್ಮ ಜಯಮ್ಮನ ಪಕ್ಕದ ಮನೆಯವರು. ಅವರ ಗಂಡ ತೀರಿಕೊಂಡಾಗ ಮೈದುನಂದಿರು ಜಮೀನು ಬಿಟ್ಟುಕೊಡಲಿಲ್ಲ. ಖಾತೆಗೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ಈಕೆ ಇಂಥವನ ಹೆಂಡತಿ ಎಂದು ನೆರೆಯವರು ಹೇಳಿಕೆ ಕೊಡಬೇಕು. ಜಯಮ್ಮ ಆ ಮೈದುನಂದಿರ ಹೊಲದಲ್ಲೇ ಕೂಲಿಗೆ ಹೋಗುತ್ತಿದ್ದವರು. ಕೊಡಲಿಲ್ಲ. ಗೌರಮ್ಮ ಬೇರೆ ಬೀದಿಯವರಿಂದ ಹೇಳಿಸಿ, ಅಲೆದಾಡಿ, ಖಾತೆ ಮಾಡಿಸಿಕೊಂಡರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಗೌರಮ್ಮ ಹಿತ್ತಲಲ್ಲಿ ಹಸುವಿಗೆ ಬೂಸಾ ಕಲೆಸುತ್ತಿದ್ದರು. ನಾನು ಬೇಲ್, ಬಾಂಡ್, ಹೊಣೆ ಎಲ್ಲ ವಿವರಿಸಿದೆ. ಅವರು ಕೈ ನಿಲ್ಲಿಸಲಿಲ್ಲ.

"ಓದ್ದೋರು, ಚೆನ್ನಾಗ್ ಮಾತಾಡ್ತೀರ. ನಿಮ್ ಮಾತ್ ನಂಗ್ ಬ್ಯಾಡ. ಬೇಲಿ ಹತ್ರ ನಿಂತವ್ಳಲ್ಲ, ಅವ್ಳಿಗ್ ಬಾಯಿಲ್ವಾ?"

ನಾನು ಜಯಮ್ಮನ ಹತ್ತಿರ ಹೋಗಿ, "ಇದು ನನ್ನಿಂದ ಆಗೋ ಕೆಲಸ ಅಲ್ಲ, ನೀವೇ ಕೇಳಬೇಕು" ಎಂದೆ. ಅವರು ಬಂದು ನಿಂತರು.

"ಗೌರಕ್ಕ..."

"ಏನೇ? ಅವತ್ತು ನಾನೂ ಹಿಂಗೇ ನಿನ್ ಬಾಗ್ಲಲ್ಲಿ ನಿಂತಿದ್ದೆ. ಒಂದ್ ಮಾತ್ ಯೋಳು, ಹೆಬ್ಬೆಟ್ಟು ಒತ್ತು ಅಂದೆ. ನೀನೇನ್ ಮಾಡ್ದೆ?"

"ಕೂಲಿ ತಪ್ಪೋಯ್ತದೆ ಅಂದೆ ಕಣಕ್ಕ."

"ಅನ್ಲಿಲ್ಲ ನೀನು. ಬಾಗ್ಲಾಕ್ಕಂಡೆ."

ಜಯಮ್ಮ, "ಹೂಂ, ಹಾಕ್ಕಂಡೆ" ಎಂದರು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ.

ಗೌರಮ್ಮ ಬಕೆಟ್ಟನ್ನು ಹಸುವಿನ ಮುಂದೆ ತಳ್ಳಿ ನನ್ನನ್ನು ಕೇಳಿದರು: "ಅವ್ನ್ ಓಡೋದ್ರೆ ನನ್ ಜಮೀನ್ ಹೋಯ್ತದಾ?"

ಸುಳ್ಳು ಹೇಳುವುದು ಸುಲಭವಿತ್ತು. "ಜಮೀನು ನೇರವಾಗಿ ಹೋಗಲ್ಲ. ಆದರೆ ಬಾಂಡ್‌ನಲ್ಲಿ ಬರೆದ ದುಡ್ಡಿಗೆ ನೀವೇ ಹೊಣೆ. ಕಟ್ಟದಿದ್ದರೆ ಜಮೀನಿನ ತನಕ ಬರಬಹುದು" ಎಂದೆ.

"ನಿಜ ಯೋಳಿದ್ರಿ. ನಮ್ ಮೋಟ್ರು ಕೆಟ್ಟಾಗ ಇವ್ಳ ಮಗನೇ ಬಂದಿದ್ದ. ಮಿಕ್ಕಿದ್ ಕೇಬಲ್ ತುಂಡ್ನೂ ಸುತ್ತಿ ಇಟ್ಟೋದ. ಅಂತೋನು ಗುಬ್ಬೀಗೋಗಿ ಕದೀತಾನಾ?" ಎಂದು ಕೈ ತೊಳೆದುಕೊಂಡರು. "ಬೆಳಗ್ಗೆ ಎಷ್ಟೊತ್ತಿಗೆ ಬಸ್ಸು?"

ಶುಕ್ರವಾರ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಹೊಸ ಪಹಣಿ ತೆಗೆಸಿಕೊಂಡು, ಊಟದ ವಿರಾಮ ಮುಗಿಯುವಷ್ಟರಲ್ಲಿ ಗುಬ್ಬಿ ಮುಟ್ಟಿದೆವು. ನ್ಯಾಯಾಧೀಶರು ಕಾಗದಗಳನ್ನು ನೋಡಿ, "ಆರೋಪಿ ನಿಮಗೆ ಏನಾಗಬೇಕು?" ಎಂದು ಕೇಳಿದರು.

"ಏನೂ ಆಗ್ಬೇಕಾಗಿಲ್ಲ ಸ್ವಾಮಿ. ಪಕ್ಕದ್ ಬಾಗ್ಲು."

"ಅವನು ತಪ್ಪಿಸಿಕೊಂಡರೆ?"

"ಅವ್ನೆಲ್ಲೋದಾನು? ಅವ್ರವ್ವ ಇಲ್ಲೇ ಇರ್ತಾಳೆ. ಅವ್ಳ ಕೋಳಿ ದಿನಾ ನನ್ ಹಿತ್ಲಲ್ಲೇ ಕೆದಕ್ತಿರ್ತವೆ."

ನ್ಯಾಯಾಧೀಶರು ತಲೆ ತಗ್ಗಿಸಿ ಸಹಿ ಮಾಡಿದರು. ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ. ಬಿಡುಗಡೆ ಆದೇಶ ಸಂಜೆಯೊಳಗೆ ತುಮಕೂರು ಜೈಲಿಗೆ ತಲುಪಿತು. ಸೋಮವಾರ ಮಂಜುನಾಥ ಕಂಬ ಹತ್ತಿದ, ಇಳಿದ, ಪಾಸಾದ. ಕೆಲಸದ ಅಂತಿಮ ಪಟ್ಟಿ ಬೇರೆ ವಿಷಯ. ಕೇಬಲ್ ಪ್ರಕರಣ ಇನ್ನೂ ವಿಚಾರಣೆಯಲ್ಲಿದೆ, ಅದರ ಸತ್ಯಾಸತ್ಯದ ಬಗ್ಗೆ ಇಲ್ಲಿ ಬರೆಯುವುದು ಸರಿಯಲ್ಲ.

ವಕೀಲಿಕೆಯ ಸನ್ನದು ಸಿಕ್ಕಿ ಕೋಟು ಹಾಕಿದ ಮೇಲೆ ನಾನು ಬರೆದ ಮೊದಲ ಅರ್ಜಿ ಯಾವ ಕಕ್ಷಿದಾರರದೂ ಅಲ್ಲ. ನಮ್ಮ ಮನೆಯ ಪೌತಿ ಖಾತೆಯದು. "ನಮ್ದೇ ಅಲ್ವೇನವ್ವ, ಯಾರ್ ಕಿತ್ಕತಾರೆ?" ಎಂದು ಅಪ್ಪ ಗೊಣಗಿದರು. ಬೇಲ್ ಅರ್ಜಿ ಬರೆಸಲು ಯಾರೇ ಬಂದರೂ ನಾನು ಸೆಕ್ಷನ್ನಿಗಿಂತ ಮುಂಚೆ, ನಿಮಗಾಗಿ ಬಂದು ನಿಲ್ಲುವವರು ಯಾರು, ಅವರ ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳುತ್ತೇನೆ. ಅದನ್ನು ಕಾಲೇಜು ಕಲಿಸಿರಲಿಲ್ಲ.

ಜಾಮೀನುದಾರರು ಪ್ರತಿ ವಾಯಿದೆಗೂ ಬರಬೇಕೆಂದಿಲ್ಲ. ಗೌರಮ್ಮನಿಗೆ ಇದನ್ನು ಹಲವು ಸಲ ಹೇಳಿದ್ದೇನೆ. "ನನ್ ಪಾಣಿ ಕೋರ್ಟಲ್ಲಿ ಅದೆಯಲ್ಲ, ನೋಡ್ಕಂಡ್ ಬತ್ತೀನಿ" ಎಂದು ಪ್ರತಿ ಸಲವೂ ಬರುತ್ತಾರೆ. ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ, ಇಬ್ಬರ ಬುತ್ತಿಯನ್ನೂ ಮಡಿಲಲ್ಲಿಟ್ಟುಕೊಂಡು, ಜಯಮ್ಮ ಇರುತ್ತಾರೆ.